ಎರಡನೇ ಗಂಟೆಗೆ ಮೊದಲು

"ಈ ಪರದೆ ಯಾಕೆ ಅರ್ಧಕ್ಕೇ ನಿಂತುಹೋಯ್ತು?"

ಕಿವಿಯಮ್ಮ ಯಾರನ್ನೂ ಕೇಳಿದ್ದಲ್ಲ. ಹಜಾರ ಖಾಲಿಯಾಗಿತ್ತು. ಪದ್ಯ ಒಪ್ಪಿಸಿ ಮುಗಿಸಿದ ಮಕ್ಕಳೆಲ್ಲ ಅಂಗಳಕ್ಕೆ ಓಡಿದ್ದರು. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದ ಸ್ತುತಿಪದ್ಯದ ಎಡಭಾಗ ನೀಲಿ ಬಟ್ಟೆಯ ಹಿಂದೆ ಸೇರಿಕೊಂಡಿತ್ತು, ಬಲಭಾಗ ಹೊರಗೇ ಉಳಿದಿತ್ತು. ಎರಡನೇ ಗಂಟೆ ಹೊಡೆಯಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಅವಳು ಹಗ್ಗವನ್ನು ಮತ್ತೊಮ್ಮೆ ಜಗ್ಗಿದಳು. ಪರದೆ ಹಠ ಹಿಡಿದ ಕರುವಿನಂತೆ ನಿಂತಲ್ಲೇ ನಿಂತಿತು.

ಶಾಲೆಯ ಗೇಟಿನ ಪಕ್ಕದಲ್ಲಿ ಬೀಗ ರಿಪೇರಿಯ ಪುಟ್ಟ ಅಂಗಡಿ ಇಟ್ಟುಕೊಂಡಿದ್ದವನು ಮಗಳನ್ನು ಬಿಡಲು ಬಂದಿದ್ದ. ಕಿಟಕಿಯಲ್ಲಿ ತಲೆ ತೂರಿಸಿ ನೋಡಿದ.

"ಏನಕ್ಕಾ, ನಿಮ್ಮ ದೇವರು ಇವತ್ತು ಮುಸುಕು ಹಾಕ್ಕೊಳ್ಳಲ್ಲ ಅಂತಿದ್ದಾನಾ?"

"ಅವನಿಗೆ ಹೊತ್ತುಗೊತ್ತು ಎಲ್ಲಾ ತಿಳಿಯತ್ತೆ. ತಿಳೀದೇ ಇರೋದು ಈ ಕಂಬಿಗೆ. ಬಾ, ಒಂದು ತೊಟ್ಟು ಎಣ್ಣೆ ಬಿಡು."

"ದೇವರೇ ಇಲ್ಲ ಅನ್ನೋನ ಕೈಲಿ ಎಣ್ಣೆ ಹಾಕಿಸ್ತೀರಾ?"

"ಎಣ್ಣೆ ಅದನ್ನೆಲ್ಲ ವಿಚಾರಿಸಲ್ಲ. ಸ್ಟೂಲು ಹತ್ತು, ಗಂಟೆ ಹೊಡೀತಾರೆ."

ಬೀಗದವನು ಸ್ಟೂಲು ಹತ್ತಿ, ಜೇಬಿನಲ್ಲಿದ್ದ ಪುಟ್ಟ ಡಬ್ಬಿಯ ಮೂತಿಯನ್ನು ಕಂಬಿಯ ಮೇಲೆ ಒತ್ತಿ, ತುಕ್ಕು ಹಿಡಿದ ಬಳೆಯೊಂದನ್ನು ಬೆರಳಿನಿಂದ ತಳ್ಳಿದ. ಪರದೆ ಸರ್ರನೆ ಸರಿದು ಗೋಡೆಯ ಆ ತುದಿ ಮುಟ್ಟಿತು. ಅಷ್ಟರಲ್ಲೇ ಎರಡನೇ ಗಂಟೆಯೂ ಹೊಡೆಯಿತು.

ಆ ಶಾಲೆಯಲ್ಲಿ ಎರಡು ಗಂಟೆಗಳು. ಮೊದಲನೆಯದು ಕೈಯಲ್ಲಿ ಹಿಡಿದು ಆಡಿಸುವ ಕಂಚಿನ ಗಂಟೆ, ಸಭೆಯವರದು. ಎರಡನೆಯದು ಗೋಡೆಗೆ ಹಾಕಿದ ಕರೆಂಟಿನ ಗಂಟೆ, ಸರ್ಕಾರದ್ದು. ಶಾಲೆಯನ್ನು ಕಟ್ಟಿದವರು ಕಿವಿಯಮ್ಮನ ಸಭೆಯವರೇ. ಪಕ್ಕದ ಪ್ರಾರ್ಥನಾ ಮಂದಿರಕ್ಕೂ ಶಾಲೆಗೂ ಒಂದೇ ಕಾಂಪೌಂಡು. ಮೊದಮೊದಲು ಒಬ್ಬರೇ ಮೇಷ್ಟ್ರು, ಒಂದೇ ಕೋಣೆ. ಮೇಷ್ಟ್ರಿಗೆ ತಿಳಿದಷ್ಟೇ ಮಕ್ಕಳಿಗೂ ತಿಳಿಯುತ್ತಿತ್ತು. ಆಮೇಲೆ ಸರ್ಕಾರ ಅನುದಾನ ಕೊಟ್ಟಿತು. ಗಣಿತಕ್ಕೊಬ್ಬರು ಬಂದರು, ವಿಜ್ಞಾನಕ್ಕೊಬ್ಬರು ಬಂದರು, ಕೂರಲು ಬೆಂಚು, ಕುಡಿಯಲು ಶುದ್ಧ ನೀರು, ಗಾಜಿನ ಬೀರುವಿನಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ಎಲ್ಲಾ ಬಂದವು. ಜೊತೆಗೆ ಷರತ್ತೂ ಬಂತು. ಎಲ್ಲರ ತೆರಿಗೆಯಲ್ಲಿ ನಡೆಯುವ ಹೊತ್ತು ಎಲ್ಲರದು. ಆ ಹೊತ್ತಿನಲ್ಲಿ ಯಾರ ಪ್ರಾರ್ಥನೆಯೂ ಕೂಡದು. ಯಾವ ಮನೆಯ ಮಗು ಬಂದರೂ ಬಾಗಿಲು ತೆರೆದಿರಬೇಕು. ಹಿರಿಯರು ಒಪ್ಪಿದರು. ಮೊದಲ ಗಂಟೆಯಿಂದ ಎರಡನೇ ಗಂಟೆಯವರೆಗೆ ಸಭೆಯ ಮಕ್ಕಳಿಗೆ ಪದ್ಯ, ಆಮೇಲೆ ಗೋಡೆಗೆ ಪರದೆ. ಬೇರೆ ಮನೆಯ ಮಕ್ಕಳು ಪರದೆ ಬಿದ್ದ ಮೇಲೆ ಒಳಗೆ ಬರುವರು. ಬೀಗದವನ ಮಗಳು ಬರುತ್ತಿದ್ದುದೂ ಹಾಗೆಯೇ.

ಮೊದಲ ಗಂಟೆಯ ಹೊತ್ತಿಗೆ ಒಡತಿ ಕಿವಿಯಮ್ಮ. ಆ ಹೆಸರಿಟ್ಟವರು ಮಕ್ಕಳು. ಅವಳು ಪದ್ಯ ಹೇಳಿಕೊಡುತ್ತಿರಲಿಲ್ಲ, ಕೇಳುತ್ತಿದ್ದಳು. ಮಗು ಮನೆಯಲ್ಲಿ ಕಲಿತು ಬಂದು ಎದುರಿಗೆ ಕೂರಬೇಕು. ಅವಳು ಕಣ್ಣು ಮುಚ್ಚಿ, ಬಲಗೈಯನ್ನು ಮೇಜಿನ ಮೇಲೆ ಬೋರಲು ಹಾಕುವಳು. ಪದ್ಯ ದಾರಿ ಹಿಡಿದು ಹೋಗುತ್ತಿರುವಷ್ಟು ಹೊತ್ತು ಕೈ ನಿದ್ದೆ ಹೋದ ಬೆಕ್ಕಿನ ಹಾಗೆ ಬಿದ್ದಿರುತ್ತಿತ್ತು. ಎಲ್ಲಿಯಾದರೂ ತಪ್ಪಿದರೆ ಒಂದು ಬೆರಳು ಮೇಲೇಳುವುದು, ಅಷ್ಟೇ. ಸರಿಯಾದ ಮಾತನ್ನು ಅವಳು ಹೇಳಳು. ಮಗುವೇ ಸಾಲಿನ ತಲೆಗೆ ಹಿಂತಿರುಗಿ, ಹುಡುಕಿ ತರಬೇಕು. ಕೊನೆಯಲ್ಲಿ ಇಬ್ಬರೂ ಸೇರಿ "ಹಾಗೆಯೇ ಆಗಲಿ" ಎನ್ನುವರು. ಆ ಮಾತು ಬಂದಾಗ ಕೈ ಬೋರಲಿದ್ದದ್ದು ಅಂಗಾತವಾಗುತ್ತಿತ್ತು. ಆ ಅಂಗೈ ನೋಡಲೆಂದೇ ಮಕ್ಕಳು ಕಷ್ಟಪಟ್ಟು ಕಲಿಯುತ್ತಿದ್ದರು.

ಎರಡನೇ ಗಂಟೆಯಾದ ಮೇಲೆ ಅವಳು ಪುಸ್ತಕದ ಕೋಣೆಯಲ್ಲಿ ಹರಿದ ರಟ್ಟುಗಳಿಗೆ ಅಂಟು ಹಚ್ಚುತ್ತ ಕೂರುವಳು. ಗೋಡೆಯಾಚೆ ವಿಜ್ಞಾನದ ಮೇಡಂ ಮಳೆ ಹೇಗೆ ಬರುತ್ತದೆ, ಕಣ್ಣು ಹೇಗೆ ನೋಡುತ್ತದೆ ಎಂದು ಹೇಳುವುದನ್ನು ಕೇಳುವುದೆಂದರೆ ಅವಳಿಗೆ ಹಬ್ಬ. ಮನಸ್ಸಿನಲ್ಲೇ ಕೈ ಮುಗಿಯುವಳು. ಯಾರಿಗೆ? ಮೇಲಿರುವವನಿಗಂತೂ ಸರಿ. ಅವನ ಜೊತೆಗೆ ಬಸ್ಸು ಓಡಿಸುವವನಿಗೆ, ತರಕಾರಿ ಮಾರುವವಳಿಗೆ, ಬಂಡೆ ಒಡೆಯುವವನಿಗೆ. ಅವಳ ಸಭೆಯನ್ನು ಕಂಡವರಲ್ಲ, ಅವಳ ಪದ್ಯವನ್ನು ಕೇಳಿದವರಲ್ಲ. ಆದರೂ ಬೆಂಚಿಗೂ ಮೇಷ್ಟ್ರಿಗೂ ತಮ್ಮ ದುಡಿಮೆಯಲ್ಲಿ ಒಂದು ಚೂರು ಕಿತ್ತು ಕೊಟ್ಟವರು. ಅವರೆಲ್ಲರ ಹೊಟ್ಟೆ ತಣ್ಣಗಿರಲಿ ಎಂದುಕೊಳ್ಳದೆ ಅವಳು ಒಂದು ರಟ್ಟನ್ನೂ ಮುಟ್ಟಿದವಳಲ್ಲ.

ಕಿವಿಯಮ್ಮನ ಸಂಬಳ ಮಾತ್ರ ಸಭೆಯದು, ಸರ್ಕಾರದ್ದಲ್ಲ. ಆ ಸಂಬಳಕ್ಕೇ ಈಗ ಸಂಚಕಾರ ಬಂದಿತ್ತು. ಸಭೆಯ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಅವಳ ಅಣ್ಣನ ಮಗ. ಪೇಟೆಯಲ್ಲಿ ಕನ್ನಡಕದ ಅಂಗಡಿ ನಡೆಸುವವನು. ಹೋದ ತಿಂಗಳು ಮನೆಗೆ ಬಂದು, ಕೊಟ್ಟ ಕಾಫಿ ಆರಿಹೋಗುವವರೆಗೂ ಕನ್ನಡಕ ಒರೆಸುತ್ತ ಕೂತು, ಕೊನೆಗೆ ಹೇಳಿದ್ದ. ಸಭೆಯಲ್ಲಿ ಮನೆಗಳು ಕಡಿಮೆಯಾಗಿವೆ. ಈ ವರ್ಷ ಮುಗಿದರೆ ಮೊದಲ ಗಂಟೆಯೂ ಮುಗಿಯುತ್ತದೆ. ಅವಳಿಗೆ ಬೇರೆ ಆಸರೆ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹೊತ್ತು ಇಲ್ಲದ ಬೆಳಗನ್ನು ಅವಳಿಗೆ ಊಹಿಸಿಕೊಳ್ಳಲೇ ಆಗಿರಲಿಲ್ಲ.

ಪರದೆ ಹಠ ಮಾಡಿದ ಆ ದಿನವೇ ಶಿಕ್ಷಣ ಇಲಾಖೆಯ ತಪಾಸಣೆಯವರು ಬಂದರು.

ಮುಂಚೆ ಹೇಳಿ ಬಂದದ್ದಲ್ಲ. ಬಿಳಿ ಶರ್ಟಿನ, ಹಸನ್ಮುಖದ ಮನುಷ್ಯ. ಮೆತ್ತನೆಯ ಚಪ್ಪಲಿ ಹಾಕಿಕೊಂಡು ಕಾರಿಡಾರಿನಲ್ಲಿ ಸದ್ದಿಲ್ಲದೆ ನಡೆದು ಬರುತ್ತಿದ್ದರು. ವಿಜ್ಞಾನದ ತರಗತಿಯ ಮುಂದೆ ಅವರ ಕಾಲು ತಟ್ಟನೆ ನಿಂತಿತು. ಒಳಗಿನಿಂದ ಸ್ತುತಿಪದ್ಯದ ಧಾಟಿ ಕೇಳುತ್ತಿತ್ತು. ಏರುವಲ್ಲಿ ಏರಿ, ಇಳಿಯುವಲ್ಲಿ ಇಳಿದು, ಇಡೀ ತರಗತಿ ಒಂದೇ ದನಿಯಲ್ಲಿ ಹಾಡುತ್ತಿತ್ತು. ಕೊನೆಯಲ್ಲಿ ಎಳೆದು, ಭಕ್ತಿಯಿಂದ, "ಹಾಗೆಯೇ ಆಗಲಿ."

ತಪಾಸಣೆಯವರ ಹುಬ್ಬು ಮೇಲೆ ಹೋಯಿತು. ಬಾಗಿಲು ತಳ್ಳಿದರು. ಹಲಗೆಯ ಮೇಲೆ ಮನುಷ್ಯನ ಹೊಟ್ಟೆಯ ಚಿತ್ರವಿತ್ತು.

"ಏನು ನಡೀತಿದೆ ಇಲ್ಲಿ?"

ವಿಜ್ಞಾನದ ಮೇಡಂ ಸೀಮೆಸುಣ್ಣ ಹಿಡಿದ ಕೈಯನ್ನು ಕೆಳಗಿಳಿಸಿದರು. "ಪಚನಕ್ರಿಯೆ, ಸರ್."

"ಇನ್ನೊಂದ್ಸಲ ಹೇಳಿಸಿ, ನೋಡೋಣ."

ಮಕ್ಕಳು ಎದ್ದು ನಿಂತರು. ಬಾಯಿ ಅಗಿಯುವುದು, ಅನ್ನನಾಳ ಒಯ್ಯುವುದು, ಜಠರ ಅರೆಯುವುದು, ಸಣ್ಣ ಕರುಳು ಸಾರವನ್ನೆಲ್ಲ ಹೀರುವುದು, ದೊಡ್ಡ ಕರುಳು ನೀರನ್ನು ಸೆಳೆಯುವುದು: ಹಾಗೆಯೇ ಆಗಲಿ. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದು ಬೀಗದವನ ಮಗಳು. ಕಣ್ಣು ಬೇರೆ ಮುಚ್ಚಿದ್ದಳು.

ಆ ಶಾಲೆಯ ಮಕ್ಕಳಿಗೆ ಬಾಯಿಪಾಠವೆಂದರೆ ಒಂದೇ ಧಾಟಿ. ಮಗ್ಗಿಯಾಗಲಿ, ನದಿಗಳ ಹೆಸರಾಗಲಿ, ಸರಸರನೆ ಆ ಧಾಟಿಗೆ ಹತ್ತಿಕೊಂಡುಬಿಡುತ್ತಿತ್ತು. ಧಾಟಿ ಮುಗಿದಲ್ಲಿ ಮುಗಿಸುವ ಮಾತೂ ತಾನಾಗಿ ಬರುತ್ತಿತ್ತು. ಹೊರಗಿನ ಮಕ್ಕಳಿಗೆ ಅದು ಗೆಳೆಯರಿಂದ ಅಂಟಿತ್ತು. ದಿನಾ ಕೇಳಿ ಕೇಳಿ ಮೇಡಂಗಳ ಕಿವಿಗೆ ಅದು ಬೀಳುವುದೇ ನಿಂತುಹೋಗಿತ್ತು.

ತಪಾಸಣೆಯವರು ನಗು ತಡೆಯಲು ಕೆಮ್ಮಿದರು. ಆದರೆ ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಅವರ ಕೋಣೆಗೆ ಬಂದು ಕೂತ ಮೇಲೆ ನಗು ಹೋಗಿ ಮುಖ ಗಂಭೀರವಾಯಿತು. "ನನಗೆ ನಗು ಬಂತು, ಒಪ್ಕೋತೀನಿ. ಆದ್ರೆ ಯಾರಾದ್ರೂ ತಂದೆತಾಯಿ ದೂರು ಕೊಟ್ರೆ ನಗೋಕಾಗಲ್ಲ. ಸಾರ್ವಜನಿಕರ ಹೊತ್ತಲ್ಲಿ ಪ್ರಾರ್ಥನೆ ಮಾಡಿಸ್ತಾರೆ ಅಂತಾರೆ. ಅನುದಾನಕ್ಕೇ ಕುತ್ತು. ಈ ಧಾಟಿ ಯಾರು ಕಲಿಸಿದ್ದು?"

ಕಿವಿಯಮ್ಮನನ್ನು ಕರೆಸಿದರು. ಬೆರಳಿಗಂಟಿದ ಅಂಟನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಅವಳು ಬಂದು ನಿಂತಳು. ಕೂರಿ ಎಂದರು ತಪಾಸಣೆಯವರು. ಅವಳ ಕೆಲಸ ಏನೆಂದು ವಿಚಾರಿಸಿದರು. ಕೇಳುವುದು ಎಂದಳು. ಕೇಳುವುದೂ ಒಂದು ಕೆಲಸವೇ ಎಂದು ಅವರು ನಗಲಿಲ್ಲ. ಇಬ್ಬರು ಮಕ್ಕಳನ್ನು ಕರೆಸಿ, ಅಂಗಳದ ಮರದಡಿ ಕೂರಿಸಿ, ಅವಳು ಹೇಗೆ ಕೇಳುತ್ತಾಳೆಂದು ದೂರದಿಂದ ನೋಡಿದರು. ಹುಡುಗಿಯೊಬ್ಬಳು ಸಾಲಿನ ತಲೆಗೆ ಮತ್ತೆ ಮತ್ತೆ ಹಿಂತಿರುಗಿದ್ದನ್ನೂ, ಕೊನೆಗೆ ತಾನೇ ಮಾತನ್ನು ಹಿಡಿದು ತಂದಾಗ ಅವಳ ಮುಖ ಅರಳಿದ್ದನ್ನೂ ನೋಡಿದರು. ಒಳಗೆ ಬಂದಾಗ ಅವರ ಮಾತೇ ಬೇರೆಯಾಗಿತ್ತು.

"ಅಮ್ಮ, ಹೀಗೆ ತಾಳ್ಮೆಯಿಂದ ಕೇಳೋರನ್ನ ನಾನು ಯಾವ ಶಾಲೇಲೂ ನೋಡಿಲ್ಲ. ಇದು ನಿಂತು ಹೋಗತ್ತೆ ಅಂತ ಮೇಡಂ ಹೇಳಿದ್ರು, ಹೌದಾ?"

ವಿಷಯ ತಿಳಿದು ಅಂಗಡಿಯಿಂದ ಓಡಿಬಂದಿದ್ದ ಕಾರ್ಯದರ್ಶಿ, ಅವಳ ಸೋದರಳಿಯ, ತಲೆ ತಗ್ಗಿಸಿದ. "ಸಭೇಲಿ ಶಕ್ತಿ ಇಲ್ಲ, ಸರ್."

"ನಿಲ್ಲೋದು ಬೇಡ. ಒಂದು ದಾರಿ ಇದೆ. ಈ ಹೊತ್ತನ್ನ ಎರಡನೇ ಗಂಟೆಯಿಂದ ಈಚೆಗೆ, ನಮ್ಮ ಹೊತ್ತಿಗೆ, ತಂದುಬಿಡೋಣ. ವಾಚನಾಭ್ಯಾಸ ಅಂತ ಹೆಸರು ಕೊಡೋಣ. ಪದ್ಯ ಹಳೇದು, ಭಾಷೆ ಚೆನ್ನಾಗಿದೆ, ಸಾಹಿತ್ಯ ಅಂತ ಕಲಿಸಬಹುದು. ಈ ಅಮ್ಮನಿಗೆ ಹುದ್ದೆ ನಮ್ಮ ಕಡೆಯಿಂದಲೇ."

ಅಳಿಯನ ಮುಖ ಊರಗಲವಾಯಿತು. ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟರು. ಕಿವಿಯಮ್ಮನಿಗೆ ಕಣ್ಣು ತುಂಬಿ ಬಂತು. ಯಾವುದೋ ಊರಿನಿಂದ ಬಂದ, ತನ್ನ ಪೈಕಿಯೂ ಅಲ್ಲದ ಮನುಷ್ಯ ತನ್ನ ಬೆಳಗನ್ನು ಉಳಿಸಲು ತಲೆ ಕೆಡಿಸಿಕೊಂಡಿದ್ದಾನೆ. ಇದಕ್ಕಿಂತ ಇನ್ನೇನು ಬೇಕು?

"ಪರದೆ ಹಾಕೋದು, ಸರ್?" ಎಂದಳು ಮೆಲ್ಲಗೆ.

"ಅದೂ ಬೇಕಾಗಲ್ಲ. ಪಠ್ಯ ಅಂದ್ಮೇಲೆ ಮುಚ್ಚೋದೇನು? ದಿನವಿಡೀ ತೆರೆದೇ ಇರ್ಲಿ."

ದಿನವಿಡೀ. ಆ ಮಾತನ್ನು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

"ಎಲ್ಲಾ ಮಕ್ಕಳೂ ಕೂರಬೇಕಾಗತ್ತಾ?"

"ಎಲ್ಲರ ಹೊತ್ತು ಅಂದ್ಮೇಲೆ ಎಲ್ಲರೂ ಇರ್ಲೇಬೇಕಲ್ಲಮ್ಮ. ಒಂದೇ ವಿಷಯ. ಆ ಕೊನೇ ಮಾತು ಇದೆಯಲ್ಲ, ಹಾಗೆಯೇ ಆಗಲಿ ಅನ್ನೋದು, ಅದನ್ನ ಬಿಡಿಸಿಬಿಡಿ. ಸಾಹಿತ್ಯಕ್ಕೆ ಅದು ಬೇಡ. ನಾಳೆ ಬರ್ತೀನಿ, ಯೋಚಿಸಿ ಹೇಳಿ."

ಸಂಜೆ ಅವಳು ಮನೆಗೆ ಹೋಗುವ ಮೊದಲು ಗೇಟಿನ ಬಳಿ ನಿಂತಳು. ಬೀಗದವನು ಕಾಲುಗಳ ನಡುವೆ ಬಿಗಿಯುವ ಇಕ್ಕಳ ಇಟ್ಟುಕೊಂಡು ಕೀಲಿಕೈಯೊಂದಕ್ಕೆ ಅರ ಉಜ್ಜುತ್ತಿದ್ದ. ಮಗಳು ಪಕ್ಕದ ಪೆಟ್ಟಿಗೆಯ ಮೇಲೆ ಕೂತು, ತುಕ್ಕು ಹಿಡಿದ ಬೀಗಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

"ಸರ್ಕಾರಿ ಹುದ್ದೆಯಂತಲ್ಲ, ಅಕ್ಕಾ. ನಿಮ್ಮಳಿಯ ಓಡ್ತಾ ಓಡ್ತಾನೇ ಹೇಳಿ ಹೋದ. ಇನ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀರೋ ಇಲ್ವೋ."

"ನಿನ್ನ ಮಗಳೂ ನನ್ನೆದುರಿಗೆ ಕೂರಬೇಕಾಗತ್ತೆ ಕಣಪ್ಪ."

ಅರ ಒಂದು ಗಳಿಗೆ ನಿಂತು ಮತ್ತೆ ಓಡಾಡಿತು. "ಕೂರ್ಲಿ. ಈಗಾಗ್ಲೇ ದೊಡ್ಡ ಕರುಳಿಗೆ ಅಡ್ಡ ಬೀಳ್ತಿದ್ದಾಳೆ. ಇನ್ನೇನು ಬಾಕಿ?"

"ತಮಾಷೆ ಬಿಡು. ನಿನಗೆ ಸರಿ ಕಾಣತ್ತಾ?"

"ನನಗೆ ಸರಿ ಕಂಡ್ರೆಷ್ಟು, ಬಿಟ್ರೆಷ್ಟು. ನೀವು ಬೇಡ ಅಂದ್ರೆ ನಿಮ್ಮ ಅನ್ನಕ್ಕೆ ಕಲ್ಲು ಬೀಳತ್ತೆ. ನನ್ನ ಮಗಳ ದೆಸೆಯಿಂದ ಹಾಗಾಗೋದು ಬೇಡ. ಅವಳು ಕೂರ್ತಾಳೆ, ನಾನೇ ಹೇಳ್ತೀನಿ." ಕೀಲಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಹಲ್ಲುಗಳನ್ನು ನೋಡಿದ. "ಒಂದೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮನೇಲಿ ನಾವು ಅದನ್ನ ನಂಬಲ್ಲ. ಅವಳು ತಪ್ಪಾಗಿ ಹೇಳಿದ್ರೆ ನೀವು ಬೆರಳೆತ್ತೀರಿ. ಸರಿಯಾಗಿ ಹೇಳಿದ್ರೆ ಅವಳು ಸುಳ್ಳು ಹೇಳ್ದಂಗಾಯ್ತು. ಅವಳು ಏನು ಮಾಡ್ಬೇಕು?"

ಹುಡುಗಿ ತಲೆಯೆತ್ತಿ, "ಅಜ್ಜಿ, ನಾನು ಕಣ್ಣು ಮುಚ್ಚಿದ್ರೆ ನೀವು ಬೆರಳೆತ್ತಿದ್ದು ಹೇಗೆ ಗೊತ್ತಾಗತ್ತೆ?" ಎಂದು ಕೇಳಿದಳು. ಅವಳಿಗೆ ಅದೊಂದೇ ಚಿಂತೆ.

ಮನೆಗೆ ಹೋಗುವ ದಾರಿ ಆ ದಿನ ಉದ್ದವಾಯಿತು. ಕಿವಿಯಮ್ಮ ಚಿಕ್ಕವಳಿದ್ದಾಗ ಅವರ ಓಣಿಯಲ್ಲಿ ಸಭೆಗೆ ಸೇರಿದ ಮನೆ ಅವರದೊಂದೇ. ಓದಿದ್ದು ಸರ್ಕಾರಿ ಶಾಲೆಯಲ್ಲಿ. ಒಮ್ಮೆ ಯಾವುದೋ ಸಮಾರಂಭಕ್ಕೆಂದು ಇನ್ನೊಂದು ಸಭೆಯವರ ಸ್ತುತಿಯನ್ನು ಮಕ್ಕಳಿಂದ ಹಾಡಿಸಲು ಊರಿನ ದೊಡ್ಡವರು ಬಂದರು. ಅವಳು ಸಾಲಿನಲ್ಲಿ ನಿಂತಿದ್ದಳು. ಬಾಯಿ ತೆರೆದರೆ ಮನೆಯವರಿಗೆ ಮೋಸ, ತೆರೆಯದಿದ್ದರೆ ಎಲ್ಲರ ಕಣ್ಣೂ ತನ್ನ ಮೇಲೆ. ಆಗ ತರಗತಿಯ ಟೀಚರು ಬಂದು, ಏನೂ ಆಗಿಲ್ಲವೆಂಬಂತೆ, "ಏ, ಗಿಡಕ್ಕೆ ನೀರು ಹಾಕೋರಿಲ್ಲ, ನೀನು ಹೋಗೇ" ಎಂದರು. ಅಷ್ಟೇ. ಅವಳು ಹೋದಳು, ನೀರು ಹಾಕಿದಳು. ಮರುದಿನ ಟೀಚರು ಆ ಹಾಡಿಸುವುದನ್ನೇ ಶಾಲೆಯಿಂದ ಆಚೆಗೆ ಕಳಿಸಿದರೆಂದು ಆಮೇಲೆ ತಿಳಿಯಿತು. ಆ ಟೀಚರ ಮನೆಯ ದೇವರು ಯಾವುದೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಅವರು ನಡೆದುಕೊಂಡಿದ್ದರು. ಅವರನ್ನು ನೆನೆಯುವಾಗ ಅವಳ ಬಾಯಿಗೆ ಬರುವುದು ಪದ್ಯವೇ.

ಅಡುಗೆಮನೆಯ ದೀಪ ಹಾಕಿ, ಒಲೆ ಹಚ್ಚಿ, ಅವಳು ಸ್ತುತಿಯನ್ನು ಮೊದಲಿಂದ ಹೇಳಿಕೊಂಡಳು. ಕೊನೆಯ ಸಾಲು ಮುಗಿಸಿ, ತಪಾಸಣೆಯವರು ಹೇಳಿದಂತೆ ಅಲ್ಲಿಗೇ ನಿಲ್ಲಿಸಿ ನೋಡಿದಳು. ಹೊಸ್ತಿಲಲ್ಲಿ ನಿಂತವರನ್ನು ಒಳಗೆ ಬನ್ನಿ ಎನ್ನದೆ ಬಾಗಿಲು ಹಾಕಿದಂತಾಯಿತು. ಆ ಮಾತನ್ನು ಬೇಡವೆಂದು ಬಿಡಿಸುವುದೂ ಅಷ್ಟೇ, ಬೇಡದ ಬಾಯಿಗೆ ತುರುಕುವುದೂ ಅಷ್ಟೇ. ಅದು ಹೇಳುವವರದು. ಹೇಳಿಸುವವರದಲ್ಲ.

ಮರುದಿನ ಎರಡನೇ ಗಂಟೆಯಾದ ಮೇಲೆ ಅವಳನ್ನು ದೊಡ್ಡ ಮೇಡಂ ಕೋಣೆಗೆ ಕರೆದರು. ತಪಾಸಣೆಯವರು, ದೊಡ್ಡ ಮೇಡಂ, ಅಳಿಯ ಮೂವರೂ ಕೂತಿದ್ದರು. ಗೋಡೆಯಾಚೆ ವಿಜ್ಞಾನದ ತರಗತಿ ಪಚನಕ್ರಿಯೆಯನ್ನು ಒಪ್ಪಿಸುತ್ತಿತ್ತು. ಕೊನೆಯ ಮಾತು ಹೇಳಕೂಡದೆಂದು ಮಕ್ಕಳಿಗೆ ತಾಕೀತಾಗಿತ್ತು. ದೊಡ್ಡ ಕರುಳು ನೀರನ್ನು ಸೆಳೆದಲ್ಲಿಗೆ ಧಾಟಿ ತಟ್ಟನೆ ನಿಂತಿತು. ಇಡೀ ತರಗತಿ ಬಾಯಿ ತೆರೆದುಕೊಂಡು ನಿಂತಿರುವುದು ಗೋಡೆಯಾಚೆಯಿಂದಲೇ ಕಾಣುವಂತಿತ್ತು. ಆಮೇಲೆ ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಅದರ ಹಿಂದೆಯೇ ಎಲ್ಲರೂ ನಕ್ಕರು. ಮೇಡಂ ಕೂಡ.

"ಅಭ್ಯಾಸ ಆಗತ್ತೆ," ಎಂದರು ತಪಾಸಣೆಯವರು, ತಾವೂ ನಗುತ್ತ. "ಹೇಳಿ ಅಮ್ಮ."

ಎಲ್ಲರ ಮಾತು ಕೇಳಿಯೇ ಬದುಕಿದವಳಿಗೆ ಮಾತಾಡುವುದು ಕಷ್ಟ. ಅವಳು ಎರಡೂ ಕೈ ಜೋಡಿಸಿದಳು.

"ಸರ್, ನಿಮಗೆ ಎಷ್ಟು ಸಲ ಕೈ ಮುಗಿದ್ರೂ ಸಾಲದು. ನಮ್ಮ ಪೈಕಿ ಅಲ್ಲದೇ ಇದ್ರೂ ನನಗೋಸ್ಕರ ಯೋಚಿಸಿದ್ರಿ. ಈ ಬೆಂಚು, ಈ ಮೇಡಂದಿರು, ಆ ನೀರು, ಎಲ್ಲಾ ನಿಮ್ಮೆಲ್ಲರದು. ಕೊಟ್ಟೋರ ಹೆಸರು ನನಗೆ ಗೊತ್ತಿಲ್ಲ. ಆದ್ರೂ ದಿನಾ ನೆನೀತೀನಿ. ನಮ್ಮ ಮಕ್ಕಳಿಗೆ ನಿಮ್ಮಿಂದ ಕಣ್ಣು ಬಂತು."

"ಅಯ್ಯೋ, ಸಾಕು ಅತ್ತೆ," ಎಂದ ಅಳಿಯ ಸಮಾಧಾನದಿಂದ. "ಒಪ್ಪಿಗೆ ಅಂತಾಯ್ತಲ್ಲ."

"ಇದು ಬರೀ ಕೃತಜ್ಞತೆ ಕಣೋ. ಒಪ್ಪಿಗೆ ಎಲ್ಲಿ ಬಂತು?"

ಅಳಿಯ ಕನ್ನಡಕ ತೆಗೆದ. "ಅತ್ತೆ, ವರ್ಷದ ಕೊನೆಗೆ ನಮ್ಮ ಕೈಲಾಗಲ್ಲ. ಹೇಳಿದ್ದೀನಿ ನಿಮಗೆ. ಮನೇಲಿ ಏನು ಮಾಡ್ತೀರಿ?"

"ಜಗಲಿ ಇದೆ. ಬೇಕು ಅನ್ನೋ ಮಕ್ಕಳು ಬರ್ತಾರೆ, ಕೇಳ್ತೀನಿ."

"ಜಗಲಿ ಹೊಟ್ಟೆಗೆ ಹಾಕತ್ತಾ?"

"ಹಳೇ ಪುಸ್ತಕಕ್ಕೆ ರಟ್ಟು ಹಾಕೋದು ಬರತ್ತೆ ನನಗೆ. ಪೇಟೇಲಿ ಯಾರಾದ್ರೂ ಕೆಲ್ಸ ಕೊಡ್ತಾರೆ."

ದೊಡ್ಡ ಮೇಡಂ ಮೆಲ್ಲಗೆ ಎಂದರು, "ನಿಮಗೆ ಭಯವೇನು? ಪದ್ಯ ದಿನವಿಡೀ ಗೋಡೆ ಮೇಲಿರತ್ತೆ. ನೀವೇ ಇಷ್ಟಪಟ್ಟಿದ್ದಲ್ವಾ?"

"ಇಷ್ಟ ಇಲ್ಲ ಅಂದ್ರೆ ಸುಳ್ಳಾಗತ್ತೆ, ಮೇಡಂ. ನಿನ್ನೆ ಆ ಮಾತು ಕೇಳಿ ನನ್ನ ಜೀವ ಕುಣೀತು. ಆದ್ರೆ ಆ ಬೀಗದವನು ಅದಕ್ಕೆ ತೆರಿಗೆ ದುಡ್ಡು ಕಟ್ಟಬೇಕಾಗತ್ತೆ, ಅವನ ಮಗಳು ಅದನ್ನ ಒಪ್ಪಿಸಬೇಕಾಗತ್ತೆ. ನಮ್ಮ ಮಕ್ಕಳು ಹೇಳೋ ಮಾತನ್ನ ನುಂಗಬೇಕಾಗತ್ತೆ. ನೀವು ಲೆಕ್ಕ ಕಲಿಸಿ, ವಿಜ್ಞಾನ ಕಲಿಸಿ, ಅದಕ್ಕೆ ನಾನು ಋಣಿ. ಈ ಪದ್ಯ ಒಂದನ್ನ ಆಯಾ ಮನೆಯವರ ಪಾಲಿಗೆ ಬಿಡಿ."

ತಪಾಸಣೆಯವರು ಅವಳನ್ನೇ ನೋಡುತ್ತಿದ್ದರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಬಿಟ್ಟುಕೊಡಲು ಮನಸ್ಸಿಲ್ಲದಂತೆ ಮಾತ್ರ ಕಂಡಿತು. ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡರು.

"ಅಮ್ಮ, ನಾನು ಅಧಿಕಾರಿ ಅಂತ ಕೇಳ್ತಿಲ್ಲ. ಮಗ ಕೇಳ್ದ ಅಂದ್ಕೊಳ್ಳಿ. ನಿಮ್ಮಂಥೋರು ಶಾಲೆ ಬಿಟ್ಟು ಹೋಗಬಾರ್ದು. ಒಂದೇ ಒಂದು ವರ್ಷ ಹುದ್ದೆಗೆ ಬನ್ನಿ, ಆಮೇಲೆ ನೋಡೋಣ. ನನಗೋಸ್ಕರ."

"ಇಲ್ಲಪ್ಪ," ಎಂದಳು ಕಿವಿಯಮ್ಮ. "ಬರಲ್ಲ."